ಕುರಿಮಂದೆ ಕಂಡರೆ ಓಡುವ ಮುಧೋಳ ನಾಯಿಗೆ ರಿಮೋಟ್ ಶಾಕ್ ಕಾಲರ್ ಹಾಕಬಹುದೇ?

ಜಗಳೂರಿನ ಬೆಳೆಗಾರ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಊರಿನಿಂದ ಸ್ವಲ್ಪ ದೂರದಲ್ಲಿ ಹೊಲದ ಮನೆ ಕಟ್ಟಿಕೊಂಡು ಮೆಕ್ಕೆಜೋಳ ಮತ್ತು ಶೇಂಗಾ ಬೆಳೆಯುತ್ತಿದ್ದೇವೆ. ಕಾವಲಿಗೆಂದು ಮುಧೋಳ ಕಡೆಯ ಸಾಕಣೆದಾರರೊಬ್ಬರಿಂದ ತಂದ ಗಂಡು ನಾಯಿಗೆ ಈಗ ಎರಡು ವರ್ಷ. ಮನೆಯ ಮಟ್ಟಿಗೆ ಅದು ಬಹಳ ಸಾಧು ಪ್ರಾಣಿ. ನಮ್ಮ ತಾಯಿ ರೊಟ್ಟಿ ಬಡಿಯುವಾಗ ಒಲೆಯ ಪಕ್ಕದಲ್ಲೇ ಮಲಗಿದ್ದರೂ ಕೈಯಾರೆ ಕೊಡುವವರೆಗೆ ಮೂಗು ಚಾಚುವುದಿಲ್ಲ, ಮಕ್ಕಳು ಮೈಮೇಲೆ ಬಿದ್ದರೂ ಗುರ್ ಎನ್ನುವುದಿಲ್ಲ.

ತೊಂದರೆ ಶುರುವಾಗುವುದು ಮೆಕ್ಕೆಜೋಳ ಕಟಾವಾದ ಮೇಲೆ. ಹೊಲಗಳು ಬಯಲಾದ ಕೂಡಲೇ ಕುರಿಗಾರರು ಮಂದೆ ಹೊಡೆದುಕೊಂಡು ಬರುತ್ತಾರೆ, ಗೊಬ್ಬರಕ್ಕಾಗಿ ನಾವೇ ಅವರನ್ನು ಕರೆದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವುದೂ ಉಂಟು. ದೂರದಲ್ಲಿ ಮಂದೆ ಕದಲಿದ್ದು ಕಂಡರೆ ಸಾಕು, ನಾಯಿಗೆ ಕಿವಿಯೇ ಇಲ್ಲದಂತಾಗುತ್ತದೆ. ಹೆಸರು ಹಿಡಿದು ಕೂಗಿದರೂ, ಚಪ್ಪಾಳೆ ತಟ್ಟಿದರೂ ತಿರುಗಿ ನೋಡುವುದಿಲ್ಲ. ಈಚೆಗೆ ಪಕ್ಕದ ಹೊಲದ ಮಂದೆಯೊಳಗೆ ನುಗ್ಗಿದಾಗ ಒಂದನ್ನೂ ಕಚ್ಚಲಿಲ್ಲ, ಆದರೆ ಗಾಬರಿಯಾದ ಕುರಿಯೊಂದು ಬದು ಹಾರಲು ಹೋಗಿ ಮುಂಗಾಲು ಮುರಿದುಕೊಂಡಿತು. ಚಿಕಿತ್ಸೆಯ ಖರ್ಚನ್ನು ಕೊಟ್ಟೆವು. ಕುರಿಗಾರರಾದ ಹಿರಿಯರು, ಮತ್ತೊಮ್ಮೆ ಹೀಗಾದರೆ ನಾಯಿ ಉಳಿಯುವುದಿಲ್ಲ ಎಂದು ಹೇಳಿ ಹೋಗಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇದರ ಜೊತೆಗೆ ರಂಗಯ್ಯನದುರ್ಗದ ಕೊಂಡಕುರಿ (ನಾಲ್ಕು ಕೊಂಬಿನ ಹುಲ್ಲೆ) ಅಭಯಾರಣ್ಯವೂ ನಮಗೆ ದೂರವಿಲ್ಲ, ಹೊಲಕ್ಕೆ ನವಿಲುಗಳು ದಿನವೂ ಬರುತ್ತವೆ. ಕುರಿಯನ್ನು ಅಟ್ಟುವ ನಾಯಿ ಅವುಗಳನ್ನು ಬಿಡುತ್ತದೆ ಎಂಬ ಧೈರ್ಯ ನನಗಿಲ್ಲ.

ಸಂಬಂಧಿಕರೊಬ್ಬರು ಆನ್‌ಲೈನ್‌ನಲ್ಲಿ ರಿಮೋಟ್ ಕಾಲರ್ ತರಿಸಿ ಕೊಟ್ಟಿದ್ದಾರೆ. ಬೀಪ್ ಸದ್ದು, ವೈಬ್ರೇಶನ್, ಶಾಕ್ ಎಂದು ಅದರಲ್ಲಿ ಮೂರು ಗುಂಡಿಗಳಿವೆ. ಶಾಕ್‌ನ ಪ್ರಮಾಣವನ್ನು 1ರಿಂದ 100ರವರೆಗೆ ಏರಿಸಬಹುದಂತೆ. ಇನ್ನೂ ನಾಯಿಯ ಕೊರಳಿಗೆ ಹಾಕಿಲ್ಲ. ಓಡುತ್ತಿರುವ ನಾಯಿಯನ್ನು ಇದು ನಿಜಕ್ಕೂ ನಿಲ್ಲಿಸುತ್ತದೆಯೇ? ನಿಲ್ಲಿಸಿದರೂ ನಾಯಿಯ ಸ್ವಭಾವ ಕೆಡುವುದಿಲ್ಲವೇ? ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.


ದಾವಣಗೆರೆಯ ಶ್ವಾನ ತರಬೇತುದಾರರು ಬರೆದಿದ್ದಾರೆ:

ನಮಸ್ಕಾರ ಸರ್. ದಾವಣಗೆರೆಯಲ್ಲಿ ಹಲವು ವರ್ಷಗಳಿಂದ ಮನೆ ನಾಯಿಗಳಿಗೆ ತರಬೇತಿ ಕೊಡುತ್ತಿರುವ ಅನುಭವದ ಮೇಲೆ ಬರೆಯುತ್ತಿದ್ದೇನೆ. ಕಾಲರ್ ಇನ್ನೂ ಕೊರಳಿಗೆ ಬಿದ್ದಿಲ್ಲ ಎಂಬುದನ್ನು ಓದಿ ಸಮಾಧಾನವಾಯಿತು. ಅದು ಪೆಟ್ಟಿಗೆಯಲ್ಲೇ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಕಾರಣವನ್ನು ಹೇಳುತ್ತೇನೆ.

ಮುಧೋಳ ನಾಯಿ ನೆಲಕ್ಕೆ ಮೂಗು ಹಚ್ಚಿ ವಾಸನೆಯ ಜಾಡು ಹಿಡಿಯುವುದಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಬೇಟೆ ತಳಿ. ದೂರದಲ್ಲಿ ಏನೋ ಕದಲಿದ ಕೂಡಲೇ ಅದು ಓಡುವುದು ನಿಮ್ಮ ಮಾತಿಗೆ ಬೆಲೆ ಕೊಡದೆ ಅಲ್ಲ. ಆ ಓಟವೇ ಅದಕ್ಕೆ ದೊರೆಯುವ ಬಹುಮಾನ, ಕುರಿ ಸಿಕ್ಕದಿದ್ದರೂ ಓಡಿದ ಸುಖ ಸಿಕ್ಕಿರುತ್ತದೆ. ಆದ್ದರಿಂದ ಪ್ರತಿಯೊಂದು ಓಟವೂ ಮುಂದಿನ ಓಟವನ್ನು ಗಟ್ಟಿ ಮಾಡುತ್ತದೆ, ಮತ್ತು ನೀವು ಯಾವ ವಿಧಾನವನ್ನೇ ಹಿಡಿದರೂ ಮೊದಲ ಕೆಲಸ ಇನ್ನೊಂದು ಓಟಕ್ಕೆ ಅವಕಾಶ ಕೊಡದಿರುವುದು.

ಇನ್ನು ಶಾಕ್‌ನ ವಿಚಾರ. ಗುಂಡಿ ಒತ್ತಿದವರು ನೀವು ಎಂಬುದು ನಾಯಿಗೆ ಗೊತ್ತಿಲ್ಲ, ಕುರಿ ಅಟ್ಟಿದ್ದಕ್ಕೆ ಈ ನೋವು ಎಂಬುದೂ ಗೊತ್ತಿಲ್ಲ. ಆ ಗಳಿಗೆಯಲ್ಲಿ ಅದರ ಕಣ್ಣೆದುರು ಏನಿತ್ತೋ ಅದಕ್ಕೆ ಆ ನೋವನ್ನು ಗಂಟು ಹಾಕಿಕೊಳ್ಳುತ್ತದೆ. ಅದು ಕುರಿಯಾಗಿರಬಹುದು, ಮಂದೆಯ ಹಿಂದೆ ಕಂಬಳಿ ಹೊದ್ದು ಬರುತ್ತಿದ್ದ ಮನುಷ್ಯನಾಗಿರಬಹುದು, ಕೋಲು ಹಿಡಿದ ಹುಡುಗನಾಗಿರಬಹುದು. ಮಕ್ಕಳೊಂದಿಗೆ ಇಷ್ಟು ಸಾಧುವಾಗಿರುವ ನಾಯಿ ನಾಳೆ ಕಂಬಳಿ ಹೊದ್ದವರನ್ನೆಲ್ಲ ಕಂಡು ಹಲ್ಲು ತೋರಿಸತೊಡಗಿದರೆ ಅದಕ್ಕೆ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. ನೆದರ್ಲೆಂಡ್ಸ್‌ನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಾಕ್ ಕಾಲರ್‌ನಿಂದ ತರಬೇತಿ ಪಡೆದ ಜರ್ಮನ್ ಶೆಫರ್ಡ್‌ಗಳು ತರಬೇತಿಯ ಮೈದಾನದಲ್ಲಷ್ಟೇ ಅಲ್ಲದೆ ಉದ್ಯಾನದಲ್ಲಿ ತಿರುಗಾಡುವಾಗಲೂ ಕಿವಿ ತಗ್ಗಿಸಿ ಒತ್ತಡದ ಲಕ್ಷಣಗಳನ್ನು ತೋರಿದವು. ಜರ್ಮನಿಯ ಹ್ಯಾನೋವರ್‌ನಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಖ್ಯವಾದದ್ದು. ಬೇಟೆಯ ಬೊಂಬೆಗೆ ಬಾಯಿ ಹಾಕಿದ ಕ್ಷಣದಲ್ಲೇ ಶಾಕ್ ಪಡೆದ ನಾಯಿಗಳಿಗಿಂತ, ಕರೆದಾಗ ಬಾರದ್ದಕ್ಕೆ ಶಾಕ್ ಪಡೆದ ನಾಯಿಗಳಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚಿತ್ತು, ಯಾವಾಗೆಂದರೆ ಆವಾಗ ಶಾಕ್ ಪಡೆದ ನಾಯಿಗಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚಿತ್ತು. ಅಂದರೆ ಯಾವುದಕ್ಕೆ ಏಟು ಬಿತ್ತೆಂದು ನಾಯಿಗೆ ತಿಳಿಯದೆ ಹೋದಷ್ಟೂ ಹಾನಿ ಹೆಚ್ಚು. ಹೊಲದ ಆ ತುದಿಯಲ್ಲಿ ಓಡುತ್ತಿರುವ ನಾಯಿಗೆ ಈ ತುದಿಯಿಂದ, ಗಾಬರಿಯಲ್ಲಿ, ಅಷ್ಟು ಕರಾರುವಾಕ್ಕಾಗಿ ಗುಂಡಿ ಒತ್ತುವುದು ಎಷ್ಟು ಜನರಿಗೆ ಸಾಧ್ಯ? ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ನಿಮ್ಮ ನಾಯಿಯಂತೆಯೇ ಕರೆದರೆ ಬಾರದ, ಕುರಿ ಅಟ್ಟುವ 63 ನಾಯಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಕಾಲರ್ ಹಾಕಿದ ಗುಂಪಿಗೂ ಹಾಕದ ಗುಂಪುಗಳಿಗೂ ಸುಧಾರಣೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಹಾಗಾದರೆ ಮಾಡುವುದೇನು? ಹತ್ತರಿಂದ ಹದಿನೈದು ಮೀಟರ್ ಉದ್ದದ ಹಗ್ಗ ಮತ್ತು ಒಂದು ಎದೆಪಟ್ಟಿ ತನ್ನಿ. ಹಗ್ಗವನ್ನು ಕೊರಳಪಟ್ಟಿಗೆ ಮಾತ್ರ ಕಟ್ಟಬೇಡಿ, ಈ ತಳಿ ಕೆಲವೇ ನೆಗೆತಗಳಲ್ಲಿ ಪೂರ್ಣ ವೇಗಕ್ಕೆ ಬರುವುದರಿಂದ ಹಗ್ಗ ಬಿಗಿಯಾದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಹೆಸರು ಕೂಗುವ ಬದಲು ಒಂದು ಸೀಟಿ ಇಟ್ಟುಕೊಳ್ಳಿ. ಕೂಗುವ ದನಿಯಲ್ಲಿ ನಮ್ಮ ಸಿಟ್ಟು, ಭಯ ಎಲ್ಲವೂ ಸೇರಿಬಿಡುತ್ತವೆ, ಸೀಟಿಯ ಸದ್ದು ಯಾವಾಗಲೂ ಒಂದೇ. ಮೊದಲು ಮನೆಯ ಅಂಗಳದಲ್ಲಿ ಸೀಟಿ ಊದಿ ಬೇಯಿಸಿದ ಕೋಳಿ ಲಿವರ್‌ನ ಚೂರು ಕೊಡಿ, ಸದ್ದು ಕೇಳಿದೊಡನೆ ಕಣ್ಣರಳಿಸಿ ಓಡಿ ಬರುವಂತಾದ ಮೇಲೆ ಖಾಲಿ ಹೊಲ, ಅನಂತರ ದೂರದಲ್ಲಿ ದನ ಮೇಯುವ ಜಾಗ, ಕಟ್ಟಕಡೆಗೆ ಕುರಿ. ಊದಿದ ಮೇಲೆ ಬಂದ ನಾಯಿಗೆ, ಅದು ಎಷ್ಟೇ ತಡವಾಗಿ ಬಂದಿರಲಿ, ಬೈಗುಳ ಸಿಗಬಾರದು, ಬಂದ ಕೂಡಲೇ ಪ್ರತಿ ಸಲವೂ ಕಟ್ಟಿಹಾಕುವುದೂ ಬೇಡ.

ಓಡುವ ಆಸೆಗೂ ಒಂದು ದಾರಿ ಬೇಕು. ಉದ್ದನೆಯ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಚಿಂದಿ ಬಟ್ಟೆ ಕಟ್ಟಿ ನೆಲದ ಮೇಲೆ ಸುತ್ತ ಎಳೆದಾಡಿ. ಸೀಟಿಗೆ ಬಂದ ನಾಯಿಗೆ ಈ ಆಟವೇ ಬಹುಮಾನವಾಗಲಿ. ಮುಧೋಳ ನಾಯಿಗೆ ಇದು ಲಿವರ್‌ಗಿಂತಲೂ ಇಷ್ಟವಾಗುವುದನ್ನು ಕಂಡಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ನಾಯಿ ತರಬೇತಿ ಎಂದೊಡನೆ ಎಲ್ಲರೂ ಪೊಲೀಸ್ ಶ್ವಾನದಳದ ತುಂಗಾಳನ್ನು ನೆನೆಯುತ್ತಾರೆ. 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಜಾಡು ಹಿಡಿದು ಓಡಿದ ಆ ಡಾಬರ್‌ಮನ್‌ನ ಹಿಂದೆ ಒಬ್ಬ ಹ್ಯಾಂಡ್ಲರ್‌ನ ನಿತ್ಯದ ದುಡಿಮೆ ಇತ್ತು. ಮನೆಯ ನಾಯಿಗೆ ಅಷ್ಟು ಬೇಡ, ಬೆಳಿಗ್ಗೆ ಬಿಸಿಲೇರುವ ಮೊದಲು ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ತಪ್ಪದೆ ಸಿಕ್ಕರೆ ಸಾಕು.


ಹಿರಿಯೂರಿನ ತೆಂಗು ಬೆಳೆಗಾರ ಬರೆದಿದ್ದಾರೆ:

ಮೇಡಂ ಬರೆದ ಹಗ್ಗ ಮತ್ತು ಸೀಟಿಯ ಅಭ್ಯಾಸವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಕಾಲರ್ ಪೆಟ್ಟಿಗೆಯಲ್ಲೇ ಇರಲಿ ಎಂಬ ಮಾತನ್ನು ಒಪ್ಪಲಾರೆ. ನಮ್ಮ ತೋಟ ಹೆದ್ದಾರಿಗೆ ಹತ್ತಿರವಿದೆ, ನಮ್ಮ ಲ್ಯಾಬ್ರಡಾರ್‌ಗೆ ಲಾರಿಗಳನ್ನು ಅಟ್ಟುವ ಗೀಳು ಹತ್ತಿತ್ತು. ಅಂಗಳದಲ್ಲಿ, ತೋಟದಲ್ಲಿ ಸೀಟಿಗೆ ತಪ್ಪದೆ ಬರುತ್ತಿದ್ದ ನಾಯಿ ಲಾರಿ ಕಂಡಾಗ ಮಾತ್ರ ಬರುತ್ತಿರಲಿಲ್ಲ. ಆಗ ಕಾಲರ್ ಬಳಸಿದೆವು. ಇಂದು ಆ ನಾಯಿ ಜೀವಂತವಾಗಿದೆ, ನಮ್ಮನ್ನು ಕಂಡರೆ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ.

ಆದರೆ ಬಳಸುವ ಕ್ರಮವಿದೆ. ಅಂಗಡಿಯಿಂದ ತಂದು, ಕೊರಳಿಗೆ ಬಿಗಿದು, ನಾಯಿ ಓಡಿದಾಗ ದೊಡ್ಡ ಅಂಕಿಗೆ ತಿರುಗಿಸಿ ಒತ್ತುವುದು ತರಬೇತಿಯಲ್ಲ, ಅದು ಹೊಡೆತ. ಮೊದಲು ಕಾಲರ್‌ನ ಎರಡು ಲೋಹದ ಮೊಳೆಗಳನ್ನು ನಿಮ್ಮ ಮುಂಗೈ ಒಳಭಾಗಕ್ಕೆ ಒತ್ತಿಟ್ಟುಕೊಂಡು ಒಂದೊಂದೇ ಅಂಕಿ ಏರಿಸಿ ನೋಡಿ, ಇನ್ನೊಂದು ಜೀವಕ್ಕೆ ಏನು ಕೊಡುತ್ತಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು. ಬಳಿಕ ನಾಯಿ ಮನೆಯಂಗಳದಲ್ಲಿ ನೆಮ್ಮದಿಯಾಗಿ ನಿಂತಿರುವಾಗ ಸೊನ್ನೆಯಿಂದ ಏರಿಸುತ್ತಾ ಬಂದರೆ, ಯಾವುದೋ ಒಂದು ಅಂಕಿಯಲ್ಲಿ ಅದರ ಒಂದು ಕಿವಿ ಮಾತ್ರ ಸಣ್ಣಗೆ ಅದುರುತ್ತದೆ, ಇಲ್ಲವೇ ನೊಣ ಕೂತಿತೇನೋ ಎಂಬಂತೆ ಕತ್ತು ಹೊರಳಿಸಿ ನೋಡುತ್ತದೆ. ಕೆಲಸಕ್ಕೆ ಬೇಕಾದದ್ದು ಅಷ್ಟೇ. ಕುಂಯ್ ಎಂದರೆ, ತಲೆ ಕೊಡವಿದರೆ, ಬಾಲ ಒಳಗೆ ಸೇರಿದರೆ ನೀವು ದಾಟಬಾರದ ಗೆರೆಯನ್ನು ದಾಟಿದ್ದೀರಿ ಎಂದು ತಿಳಿಯಿರಿ.

ಆ ಸಣ್ಣ ಅಂಕಿಯನ್ನು ಹಗ್ಗದೊಂದಿಗೆ ಜೋಡಿಸಬೇಕು. ಸೀಟಿ ಊದಿ, ಗುಂಡಿ ಒತ್ತಿ, ಹಗ್ಗವನ್ನು ಮೆಲ್ಲಗೆ ನಿಮ್ಮತ್ತ ಎಳೆಯಿರಿ. ನಾಯಿ ನಿಮ್ಮ ಕಡೆ ತಿರುಗಿದ ಆ ಕ್ಷಣವೇ ಗುಂಡಿಯನ್ನು ಬಿಟ್ಟುಬಿಡಿ, ಬಂದ ಮೇಲೆ ತಿನ್ನಲು ಕೊಡಿ. ಕುತ್ತಿಗೆಯ ಚುರುಕನ್ನು ನಿಲ್ಲಿಸುವ ದಾರಿ ತನ್ನ ಕಾಲಲ್ಲೇ ಇದೆ ಎಂಬುದು ನಾಯಿಗೆ ಅರ್ಥವಾಗಬೇಕು. ಈ ಪಾಠ ಪಕ್ಕಾ ಆಗುವ ಮೊದಲು ಕುರಿಯ ಬಳಿ ಕಾಲರ್ ಬಳಸಲೇಬಾರದು. ಮೇಡಂ ಹೇಳಿದ ಕಂಬಳಿಯ ಅಪಾಯ ನಿಜವಾಗುವುದು ಪಾಠವಿಲ್ಲದೆ ಬಳಸಿದವರಲ್ಲಿ.

ಅಧ್ಯಯನಗಳೂ ಒಂದೇ ಕಡೆಗಿಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಂತ್ರದಿಂದ ಎಳೆಯುವ ಆಮಿಷದ ಹಿಂದೆ ಓಡುವ ನಾಯಿಗಳನ್ನು ನಿಲ್ಲಿಸುವಲ್ಲಿ ಕಾಲರ್ ಗೆದ್ದಿತು, ಬರೀ ತಿಂಡಿ ಕೊಟ್ಟು ಕಲಿಸಿದ ಗುಂಪುಗಳು ಅಷ್ಟೇ ಅವಧಿಯಲ್ಲಿ ನಿಲ್ಲಲಿಲ್ಲ. ಅಟ್ಟುವ ಚಟ ಬೇರೆ ಚಟಗಳಂತಲ್ಲ ಎಂಬುದು ನನ್ನ ಅನುಭವವೂ ಹೌದು.

ರಿಮೋಟ್ ಮನೆಯಲ್ಲಿ ಒಬ್ಬರ ಕೈಯಲ್ಲಷ್ಟೇ ಇರಲಿ, ಮಕ್ಕಳಿಗೆ ಎಂದಿಗೂ ಸಿಗದಂತೆ ಎತ್ತಿಡಿ. ನಿಮಗೆ ಸಿಟ್ಟು ಬಂದ ದಿನ ಅದನ್ನು ಮುಟ್ಟಬೇಡಿ. ಅಂಜುಬುರುಕ ನಾಯಿಗೆ, ಜನರನ್ನು ಕಚ್ಚುವ ನಾಯಿಗೆ, ಆರು ತಿಂಗಳೊಳಗಿನ ಮರಿಗೆ ಕಾಲರ್ ಹಾಕುವುದನ್ನು ನಾನೂ ವಿರೋಧಿಸುತ್ತೇನೆ.


ದಾವಣಗೆರೆಯ ಶ್ವಾನ ತರಬೇತುದಾರರು ಬರೆದಿದ್ದಾರೆ:

ಹಿರಿಯೂರಿನ ಸರ್ ವಿವರಿಸಿದ ಎಚ್ಚರಿಕೆ ಎಲ್ಲರಲ್ಲೂ ಇದ್ದಿದ್ದರೆ ನಮ್ಮ ನಡುವೆ ಇಷ್ಟು ವಾದ ಇರುತ್ತಿರಲಿಲ್ಲ. ನೀವು ಹೇಳಿದ 2024ರ ಪ್ರಯೋಗವನ್ನು ನಾನೂ ಓದಿದ್ದೇನೆ. ನಾಯಿಗಳ ಸಂಖ್ಯೆ ಕಡಿಮೆ, ತರಬೇತಿಯ ಅವಧಿ ಬಹಳ ಚಿಕ್ಕದು, ಅಷ್ಟು ಬೇಗ ತಿಂಡಿಯ ವಿಧಾನ ಫಲ ಕೊಡುತ್ತದೆಂದು ನಾವ್ಯಾರೂ ಹೇಳುವುದೇ ಇಲ್ಲ. ಶಾಕ್ ಪಡೆದ ನಾಯಿಗಳು ಆಗ ನೋವಿನಿಂದ ಕೂಗಿದ್ದೂ ಅದೇ ವರದಿಯಲ್ಲಿದೆ. ಅಲ್ಲದೆ, ನಿಮ್ಮ ನಾಯಿ ಕಾಲರ್ ಹಾಕುವ ಮೊದಲೇ ಸೀಟಿಗೆ ಬರುತ್ತಿತ್ತು. ಜಗಳೂರಿನ ಸರ್ ಅವರ ನಾಯಿಗೆ ಆ ಬುನಾದಿಯೇ ಇಲ್ಲ. ಬುನಾದಿ ಹಾಕಿದ ಮೇಲೆ ಕಾಲರ್ ಬೇಕೇ ಎಂಬ ಪ್ರಶ್ನೆ ಬಹುಪಾಲು ನಾಯಿಗಳಲ್ಲಿ ಹುಟ್ಟುವುದೇ ಇಲ್ಲ ಎಂಬುದಷ್ಟೇ ನನ್ನ ಮಾತು.


ಚಿತ್ರದುರ್ಗದ ಪಶುವೈದ್ಯರು ಬರೆದಿದ್ದಾರೆ:

ಚರ್ಚೆಗೆ ವೈದ್ಯಕೀಯ ಮತ್ತು ಕಾನೂನಿನ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಕಾಲರ್‌ನಿಂದ ಕುತ್ತಿಗೆಗೆ ಹುಣ್ಣಾಗಿದೆ ಎಂದು ಕರೆತರುವ ನಾಯಿಗಳನ್ನು ನೋಡಿದ್ದೇನೆ. ಒಂದರ ಪಕ್ಕ ಒಂದು, ಕಡಲೆಕಾಳಿನಷ್ಟು ಅಗಲದ ಎರಡು ಗುಳಿಗಳು, ಸುತ್ತ ಕೂದಲುದುರಿ ಕೆಂಪಾದ ಚರ್ಮ, ಒಳಗೆ ಕೀವು. ವಿದ್ಯುತ್ತಿನಿಂದ ಸುಟ್ಟಿದೆ ಎಂದೇ ಮಾಲೀಕರು ಭಾವಿಸಿರುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಅದು ಸುಟ್ಟ ಗಾಯವಲ್ಲ, ಲೋಹದ ಮೊಳೆಗಳು ಗಂಟೆಗಟ್ಟಲೆ ಒಂದೇ ಜಾಗವನ್ನು ಒತ್ತಿದ್ದರಿಂದ ರಕ್ತ ಸಂಚಾರ ನಿಂತು ಚರ್ಮ ಸತ್ತಿರುತ್ತದೆ. ಮುಧೋಳ ತಳಿಯಲ್ಲಿ ಚರ್ಮ ತೆಳು, ಕೂದಲು ಗಿಡ್ಡ, ಚರ್ಮದಡಿಯ ಕೊಬ್ಬು ಕಡಿಮೆ, ಹೀಗಾಗಿ ಈ ಅಪಾಯ ಇತರ ತಳಿಗಳಿಗಿಂತ ಹೆಚ್ಚು. ಯಾರಾದರೂ ಕಾಲರ್ ಬಳಸುವುದೇ ಆದರೆ ಗಿಡ್ಡ ಮೊಳೆಗಳನ್ನೇ ಹಾಕಿ, ಶ್ವಾಸನಾಳದ ಮೇಲೆ ಬಾರದಂತೆ ಕುತ್ತಿಗೆಯ ಪಕ್ಕಕ್ಕೆ ಕೂರಿಸಿ, ಒಂದೆರಡು ಗಂಟೆಗೊಮ್ಮೆ ಜಾಗ ಬದಲಿಸಬೇಕು. ಅಭ್ಯಾಸ ಮುಗಿದ ಮೇಲೆ ಬಿಚ್ಚಿಡಬೇಕು, ರಾತ್ರಿಯಂತೂ ಇರಲೇಬಾರದು, ಅದಕ್ಕೆ ಹಗ್ಗ ಕಟ್ಟಿ ಎಳೆಯಲೂಬಾರದು. ಮಳೆಯಲ್ಲಿ ನೆನೆದ ಇಲ್ಲವೇ ಇಬ್ಬನಿಯಲ್ಲಿ ಓಡಾಡಿ ಒದ್ದೆಯಾದ ಕುತ್ತಿಗೆಯ ಮೇಲೆ ಅದೇ ಅಂಕಿಯ ಅನುಭವ ಬೇರೆಯಾಗಿರುತ್ತದೆ. ವೈಬ್ರೇಶನ್ ನಿರಪಾಯ ಎಂದು ಹಲವರು ನಂಬಿದ್ದಾರೆ, ಕೆಲವು ನಾಯಿಗಳು ಅದಕ್ಕೇ ಹೆಚ್ಚು ಬೆಚ್ಚುತ್ತವೆ. ಕಿವುಡು ನಾಯಿಗಳನ್ನು ಕರೆಯಲು ಮಾತ್ರ ವೈಬ್ರೇಶನ್ ಒಳ್ಳೆಯ ಸಾಧನ, ಆದರೆ ಅಲ್ಲಿಯೂ ಅದನ್ನು ತಿಂಡಿಯೊಂದಿಗೆ ಜೋಡಿಸಿ ಕಲಿಸಬೇಕು.

ಗಂಡು ನಾಯಿಯ ಬೀಜ ತೆಗೆಸಿದರೆ ಅಟ್ಟುವುದು ನಿಲ್ಲುತ್ತದೆಯೇ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಬೇಟೆಯ ಪ್ರವೃತ್ತಿಗೂ ಅದಕ್ಕೂ ಸಂಬಂಧವಿಲ್ಲ, ಆ ಆಸೆಯಿಂದ ಶಸ್ತ್ರಚಿಕಿತ್ಸೆ ಮಾಡಿಸಬೇಡಿ. ರೇಬೀಸ್ ಲಸಿಕೆಯ ದಾಖಲೆಯನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳಿ. ಮಂದೆಯಲ್ಲಿ ಒಂದು ಹಲ್ಲಿನ ಗುರುತು ಕಂಡರೂ ಕುರಿಗಾರರು ಮೊದಲು ಕೇಳುವುದು ಅದನ್ನೇ.

ಕಾನೂನಿನ ದೃಷ್ಟಿಯಿಂದ ಹೇಳುವುದಾದರೆ, ವೇಲ್ಸ್‌ನಲ್ಲಿ ಇಂತಹ ಕಾಲರ್‌ಗಳ ಬಳಕೆಯನ್ನು 2010ರಲ್ಲೇ ನಿಷೇಧಿಸಲಾಯಿತು, ಜರ್ಮನಿಯಲ್ಲಿ 2006ರ ನ್ಯಾಯಾಲಯದ ತೀರ್ಪಿನಿಂದ ಬಳಕೆ ನಿಂತಿತು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ನಾಯಿಯನ್ನು ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಸದಾ ಕಟ್ಟಿದ ನಾಯಿಗೆ ಅಡ್ಡಾಡಲು ಅವಕಾಶ ಕೊಡದಿರುವುದು ಕೂಡ ಅದೇ ಕಲಮಿನಲ್ಲಿ ಬರುತ್ತವೆ. ತಮ್ಮ ಆತಂಕದ ಇನ್ನೊಂದು ಭಾಗ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ನವಿಲು ಮತ್ತು ಕೊಂಡಕುರಿ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಆ ಕಾಯ್ದೆ ಬೇಟೆಯನ್ನು ಕೊಲ್ಲುವುದಕ್ಕಷ್ಟೇ ಸೀಮಿತಗೊಳಿಸಿಲ್ಲ, ಅಟ್ಟುವುದು ಮತ್ತು ಅಂತಹ ಪ್ರಯತ್ನಗಳನ್ನೂ ಅದರೊಳಗೆ ಸೇರಿಸಿದೆ. ಅಭಯಾರಣ್ಯದ ಅಂಚಿನಲ್ಲಿ ಇರುವವರು ನಾಯಿಯನ್ನು ಬಿಡುವಾಗ ಇದನ್ನು ನೆನಪಿನಲ್ಲಿಡಬೇಕು. ಸೀಟಿಗೆ ಬರುವುದು ಕಲಿತ ಮೇಲೂ ಕಾಡಿನ ಕಡೆಗೆ ಹಗ್ಗವಿಲ್ಲದೆ ಕರೆದೊಯ್ಯಬೇಡಿ.


ಚಳ್ಳಕೆರೆಯ ಕುರಿಗಾರರ ಮನೆಯವರು ಬರೆದಿದ್ದಾರೆ:

ಅಣ್ಣಾವ್ರೇ, ನಮ್ಮ ಮನೆತನದ ಕಸುಬೇ ಕುರಿ. ನಾಯಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಮಂದೆಯ ಕಡೆಯಿಂದ ನಾನು ನಾಲ್ಕು ಮಾತು ಬರೆಯುತ್ತೇನೆ.

ಒಂದನ್ನೂ ಕಚ್ಚಲಿಲ್ಲ ಎಂದು ಬರೆದಿದ್ದೀರಿ. ಕಚ್ಚದಿದ್ದರೂ ನಷ್ಟವಿದೆ. ಕುರಿ ಐದು ತಿಂಗಳು ಗಬ್ಬ ಹೊರುವ ಪ್ರಾಣಿ. ತಿಂಗಳು ತುಂಬಿದ ಕುರಿಯನ್ನು ನಾಯಿ ಅಟ್ಟಿದರೆ ಆ ದಿನ ಏನೂ ಕಾಣದಿದ್ದರೂ ಆಮೇಲೆ ಗರ್ಭ ಕಳೆದುಕೊಳ್ಳಬಹುದು. ಗಾಬರಿಗೊಂಡ ಮಂದೆ ಮೂಲೆಗೆ ಒತ್ತಿಕೊಂಡಾಗ ಅಡಿಗೆ ಸಿಕ್ಕ ಮರಿಗಳು ಉಸಿರುಗಟ್ಟಿ ಸಾಯುತ್ತವೆ. ಚೆದುರಿದ ಮಂದೆಯನ್ನು ಕತ್ತಲಾಗುವುದರೊಳಗೆ ಕೂಡಿಸದಿದ್ದರೆ ತೋಳಕ್ಕೆ ಬಿಟ್ಟಂತೆ. ಆ ಹಿರಿಯರ ಮಾತಿನ ಹಿಂದೆ ಇದೆಲ್ಲ ಇದೆ.

ನಮ್ಮ ಹಟ್ಟಿಯ ನಾಯಿಗಳು ಕುರಿಯನ್ನು ಅಟ್ಟುವುದಿಲ್ಲ, ಏಕೆಂದರೆ ಕಣ್ಣು ಬಿಟ್ಟಾಗಿನಿಂದ ಕುರಿಮರಿಗಳ ಜೊತೆಗೆ ಬೆಳೆದಿರುತ್ತವೆ, ಅವುಗಳ ಬಿಸಿಗೆ ಮಲಗಿರುತ್ತವೆ. ಎರಡು ವರ್ಷದ ಬೇಟೆನಾಯಿಗೆ ಈಗ ಆ ಗುಣ ಬರುವುದಿಲ್ಲ. ಕಲಿಸಬಹುದಾದದ್ದು ಕರೆದರೆ ಹಿಂದಿರುಗುವುದನ್ನು ಮಾತ್ರ.

ನಿಮ್ಮ ಊರಲ್ಲೂ ಹಳಬರು ಎರಡು ಮದ್ದು ಹೇಳಬಹುದು. ಟಗರಿನ ಜೊತೆ ನಾಯಿಯನ್ನು ಕಟ್ಟಿ ಗುದ್ದಿಸಿದರೆ ಬುದ್ಧಿ ಬರುತ್ತದೆ ಎಂಬುದು ಒಂದು. ದಯವಿಟ್ಟು ಮಾಡಬೇಡಿ, ನಾಯಿಯ ಪಕ್ಕೆಲುಬು ಮುರಿಯುತ್ತದೆ, ಇಲ್ಲವೇ ಟಗರಿನ ಗಂಟಲಿಗೆ ನಾಯಿ ಬಾಯಿ ಹಾಕುತ್ತದೆ. ಕೊರಳಿಗೆ ಕಟ್ಟಿಗೆಯ ಕೊರಡು ನೇತುಹಾಕುವುದು ಇನ್ನೊಂದು. ನಿಧಾನವಾಗಿ ನಡೆಯುವ ದನಕ್ಕೆ ಅದು ಸರಿಹೋದೀತು, ಮುಧೋಳ ನಾಯಿಯ ಸಣ್ಣ ಮುಂಗಾಲಿಗೆ ಓಡುವಾಗ ಅದು ಬಡಿದರೆ ಮೂಳೆ ನಿಲ್ಲುವುದಿಲ್ಲ.

ನಿಮ್ಮ ಕಡೆ ಬರುವ ಕುರಿಗಾರರಿಗೆ ನಿಮ್ಮ ಫೋನ್ ನಂಬರ್ ಕೊಟ್ಟಿಡಿ, ಮಂದೆ ಬರುವ ಹಿಂದಿನ ದಿನ ತಿಳಿಸುವಂತೆ ಕೇಳಿಕೊಳ್ಳಿ. ನಾಯಿಗೆ ಪಾಠ ಕಲಿಸುತ್ತಿದ್ದೇನೆ, ಅಲ್ಲಿಯವರೆಗೆ ಕಟ್ಟಿರುತ್ತೇನೆ ಎಂದು ನೀವೇ ಹೋಗಿ ಹೇಳಿದರೆ ಯಾವ ಕುರಿಗಾರನೂ ಬೇಡ ಎನ್ನುವುದಿಲ್ಲ.


ಜಗಳೂರಿನ ಬೆಳೆಗಾರ ಬರೆದಿದ್ದಾರೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಆ ಹಿರಿಯರನ್ನು ನಾಳೆಯೇ ಭೇಟಿಯಾಗಿ ಮಾತಾಡುತ್ತೇನೆ. ಕಾಲರ್ ಸದ್ಯಕ್ಕೆ ಬೀರುವಿನಲ್ಲಿ ಇರುತ್ತದೆ. ಎರಡು ಅನುಮಾನಗಳು ಉಳಿದಿವೆ. ಕುರಿ ಕಂಡಾಗ ನಮ್ಮ ನಾಯಿ ಬಾಯಿಯ ಮುಂದೆ ಮಾಂಸ ಹಿಡಿದರೂ ಮೂಸುವುದಿಲ್ಲ, ಹಾಗಿರುವಾಗ ಲಿವರ್ ತೋರಿಸಿ ಕಲಿಸುವುದು ಹೇಗೆ? ಇನ್ನು ಮಂದೆ ಪಕ್ಕದ ಹೊಲದಲ್ಲಿ ವಾರಗಟ್ಟಲೆ ಬೀಡುಬಿಟ್ಟರೆ ಅಷ್ಟು ದಿನ ನಾಯಿಯನ್ನು ಎಲ್ಲಿ, ಹೇಗೆ ಇಡಬೇಕು?


ದಾವಣಗೆರೆಯ ಶ್ವಾನ ತರಬೇತುದಾರರು ಬರೆದಿದ್ದಾರೆ:

ಮಾಂಸವನ್ನೂ ಮೂಸದಿದ್ದರೆ ನೀವು ಕುರಿಗೆ ತೀರಾ ಹತ್ತಿರ ನಿಂತಿದ್ದೀರಿ ಎಂದೇ ಅರ್ಥ. ಅಲ್ಲಿಂದ ಹಿಂದಕ್ಕೆ ನಡೆಯುತ್ತಾ ಬನ್ನಿ. ನಾಯಿ ಕುರಿಯನ್ನು ನೋಡಿಯೂ ನಿಮ್ಮ ಕೈಯಿಂದ ತಿನ್ನುವಷ್ಟು ದೂರ ಒಂದು ಇದ್ದೇ ಇರುತ್ತದೆ, ಅದು ಎರಡು ಹೊಲಗಳ ಆಚೆ ಇದ್ದರೂ ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ. ಓಡುವ ಮೊದಲಿನ ಗಳಿಗೆಯನ್ನು ಗುರುತಿಸಲು ಕಲಿಯಿರಿ. ತೆರೆದ ಬಾಯಿ ಮುಚ್ಚುತ್ತದೆ, ಕಿವಿಗಳು ಮುಂದಕ್ಕೆ ಬರುತ್ತವೆ, ಒಂದು ಮುಂಗಾಲು ನೆಲದಿಂದ ಸ್ವಲ್ಪ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಸೀಟಿ ಊದಬೇಕಾದದ್ದು ಆಗ. ಓಟ ಶುರುವಾದ ಮೇಲೆ ಊದಿದರೆ, ಸೀಟಿ ಕೇಳಿಯೂ ಓಡಬಹುದು ಎಂಬುದನ್ನೇ ಕಲಿಸಿದಂತಾಗುತ್ತದೆ. ತಲೆ ನಿಮ್ಮತ್ತ ತಿರುಗಿದರೆ ಕೂಡಲೇ ನೀವು ಕುರಿಗೆ ಬೆನ್ನು ಹಾಕಿ ಓಡಿ, ಹಿಂದೆ ಬಂದ ನಾಯಿಗೆ ಕೋಲಿನ ತುದಿಯ ಚಿಂದಿಯನ್ನು ಅಟ್ಟಲು ಬಿಡಿ. ಒಂದು ಜಾಗದಲ್ಲಿ ಎಡವದೆ ಬರುವಂತಾದ ಮೇಲೆ ಮಾತ್ರ ಸ್ವಲ್ಪ ಹತ್ತಿರಕ್ಕೆ ಹೋಗಿ, ಎಡವಿದರೆ ಮತ್ತೆ ಹಿಂದಕ್ಕೆ ಬನ್ನಿ. ತಿಂಗಳುಗಳೇ ಹಿಡಿಯುವ ಕೆಲಸ ಇದು, ಈ ಕಟಾವಿನ ಕಾಲದೊಳಗೆ ಮುಗಿಯುತ್ತದೆಂದು ಎಣಿಸಬೇಡಿ.

ಮಂದೆ ಪಕ್ಕದಲ್ಲೇ ಇರುವ ದಿನಗ‌ಳಲ್ಲಿ ಮನೆಯ ಹಿಂಬದಿಗೆ, ಕುರಿ ಕಾಣದ ಕಡೆ, ಎರಡು ಗಟ್ಟಿ ಕಂಬಗಳ ನಡುವೆ ತಲೆಯೆತ್ತರಕ್ಕಿಂತ ಮೇಲೆ ದಪ್ಪ ತಂತಿ ಬಿಗಿದು, ಅದರಲ್ಲಿ ಜಾರುವ ಉಂಗುರಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಎದೆಪಟ್ಟಿಗೆ ಸಿಕ್ಕಿಸಿ. ನಾಯಿ ಆ ಉದ್ದಕ್ಕೂ ಓಡಾಡಬಹುದು. ಕಂಬಕ್ಕೆ ಹಗ್ಗ ಸುತ್ತಿಕೊಳ್ಳದಂತೆ ಎರಡೂ ತುದಿಗಳಿಗೆ ಸ್ವಲ್ಪ ಮೊದಲೇ ತಂತಿಯ ಮೇಲೆ ತಡೆ ಹಾಕಿ, ನೆರಳು ಮತ್ತು ನೀರು ಹಗ್ಗಕ್ಕೆ ಎಟಕುವಂತಿರಲಿ. ಬೇಲಿಯ ಹತ್ತಿರ ಮಾತ್ರ ಈ ತಂತಿ ಬೇಡ, ಮುಧೋಳ ನಾಯಿ ಬೇಲಿ ಹಾರಿ ಆಚೆ ಬದಿಗೆ ನೇತಾಡುವ ಅಪಾಯವಿದೆ. ಮುಂದೆ ಹಣದ ಅನುಕೂಲವಾದಾಗ ಹೊಲದ ಮನೆಯ ಸುತ್ತ ಆಳೆತ್ತರದ ಚೈನ್‌ಲಿಂಕ್ ಬೇಲಿ ಹಾಕಿಸಿ. ಕೆಳ ಅಂಚನ್ನು ಮಣ್ಣಿನೊಳಗೆ ಹೂಳಿಸುವುದನ್ನು ಮರೆಯಬೇಡಿ, ಹಾರಲಾಗದ ನಾಯಿ ಅಡಿಯಲ್ಲಿ ಕೆರೆದು ಹೊರಬೀಳುತ್ತದೆ.